ಹಳೇ ಏಸಿಗೆ ಇನ್ನೆಷ್ಟು ಸಲ ಗ್ಯಾಸ್ ತುಂಬುತ್ತೀರಿ, ಸ್ವಾಮೀ?

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಬಿ.ಸಿ.ರೋಡು, ಬೆಳ್ತಂಗಡಿ, ಮೂಡಬಿದ್ರೆ ಪೇಟೆಗಳಲ್ಲಿ ಒಂದು ದೃಶ್ಯ ತಪ್ಪದು. ಬೈಕಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡ ಏಸಿ ಮೆಕ್ಯಾನಿಕ್ಕು ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಓಡುತ್ತಿರುತ್ತಾನೆ. ಫೋನು ಎತ್ತಲೂ ಅವನಿಗೆ ಪುರುಸೊತ್ತಿಲ್ಲ. ಅಂಗಡಿ ಒಳಗೆ ನಡೆಯುವ ಮಾತುಕತೆಯೂ ವರ್ಷ ವರ್ಷ ಅದೇ.

‘ಎಂಥ ಮಾರಾಯ, ತಂಪೇ ಬರುವುದಿಲ್ಲವಲ್ಲ?’

‘ಗ್ಯಾಸ್ ಹೋಗಿದೆ ಧಣಿ.’

‘ಕಳೆದ ವರ್ಷ ತುಂಬಿಸಿದ್ದಲ್ಲವಾ?’

‘ಅದೇ ಹೋದದ್ದು.’

ಎಲ್ಲಿಗೆ ಹೋಯಿತು ಎಂದು ಧಣಿ ಕೇಳುವುದಿಲ್ಲ, ಮೆಕ್ಯಾನಿಕ್ಕು ಹೇಳುವುದಿಲ್ಲ. ದುಡ್ಡು ಕೈಬದಲಾಗುತ್ತದೆ. ‘ಈ ವರ್ಷ ಹೇಗಾದರೂ ದೂಡುವ’ ಎಂದು ಧಣಿ ಗಲ್ಲಾಪೆಟ್ಟಿಗೆ ಮುಚ್ಚುತ್ತಾರೆ.

ಇಲ್ಲೇ ಇರುವುದು ವಿಷಯ. ಏಸಿಯ ಗ್ಯಾಸ್ ಅಂದರೆ ಬೈಕಿನ ಪೆಟ್ರೋಲ್ ಅಲ್ಲ, ಉರಿದು ಖರ್ಚಾಗುವುದಕ್ಕೆ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತಿ ಸುತ್ತಿ ಒಳಗಿನ ಶಾಖವನ್ನು ಹೊರಗೆ ಹೊತ್ತು ಹಾಕುತ್ತದೆ. ಕೊಳವೆ ಸರಿಯಾಗಿದ್ದರೆ ಹತ್ತು ಹದಿನೈದು ವರ್ಷವಾದರೂ ಅದು ಕಡಿಮೆಯಾಗಬೇಕಾಗಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಾಗಿದೆ ಎಂದೇ ಅರ್ಥ. ತೂತು ಮುಚ್ಚದೆ ವರ್ಷ ವರ್ಷ ಗ್ಯಾಸ್ ತುಂಬಿಸುವುದೂ ತಳ ಒಡೆದ ಕೊಡಪಾನಕ್ಕೆ ಬಾವಿ ನೀರು ಸೇದುವುದೂ ಒಂದೇ.

ಈ ಜಿಲ್ಲೆಯ ತಾಲೂಕು ಪೇಟೆಗಳಿಗೆ ಏಸಿ ಬಂದದ್ದು ತಡವಾಗಿ. ಮೊದಲು ಬ್ಯಾಂಕಿನ ಮ್ಯಾನೇಜರರ ಕೋಣೆಗೆ, ಆಮೇಲೆ ಚಿನ್ನದಂಗಡಿಗೆ, ಬಟ್ಟೆಯಂಗಡಿಗೆ, ಸ್ಟುಡಿಯೋಗೆ, ಕಂಪ್ಯೂಟರ್ ಸೆಂಟರಿಗೆ, ಡಾಕ್ಟರ ಕ್ಲಿನಿಕ್ಕಿಗೆ. ಹಾಗೆ ಬಂದ ಯಂತ್ರಗಳಲ್ಲಿ ಹದಿನೈದು ದಾಟಿದವು ಇನ್ನೂ ಗೋಡೆಯಲ್ಲಿ ಕೂತು ಗೊರಗುಟ್ಟುತ್ತಿವೆ. ಇವುಗಳ ಹೊಟ್ಟೆಯಲ್ಲಿರುವುದು ಹೆಚ್ಚಾಗಿ ಆರ್-22 ಎಂಬ ಗ್ಯಾಸ್. ಈ ಹೆಸರು ಅಂಗಡಿಯವರು ನೆನಪಿಟ್ಟುಕೊಳ್ಳಬೇಕು; ಯಾಕೆಂದರೆ ಅದರ ಕಾಲ ಮುಗಿಯುತ್ತಾ ಬಂದಿದೆ.

1985ರಲ್ಲಿ ದಕ್ಷಿಣ ಧ್ರುವದ ಮೇಲಿನ ಓಝೋನ್ ಪದರ ತೆಳ್ಳಗಾದದ್ದನ್ನು ಬ್ರಿಟಿಷ್ ವಿಜ್ಞಾನಿಗಳು ಲೋಕಕ್ಕೆ ತಿಳಿಸಿದರು. 1987ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ದೇಶಗಳೆಲ್ಲ ಕೂತು ಒಪ್ಪಂದ ಮಾಡಿದವು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಮೊದಲು ಹಳೇ ಫ್ರಿಜ್ಜುಗಳ ಗ್ಯಾಸು ಹೋಯಿತು. ಈಗ ಆರ್-22ರ ಸರದಿ. 2025ರಿಂದ ಹೊಸ ಯಂತ್ರ ತಯಾರಿಸುವಾಗ ಅದನ್ನು ಬಳಸುವಂತಿಲ್ಲ. 2030ರ ಹೊತ್ತಿಗೆ ಉತ್ಪಾದನೆ ಹೆಚ್ಚುಕಡಿಮೆ ಪೂರ್ತಿ ನಿಲ್ಲಬೇಕು. ಆಮೇಲೆ ಉಳಿಯುವುದು ಹಳೇ ಯಂತ್ರಗಳ ರಿಪೇರಿಗೆಂದು ಬಿಟ್ಟ ಚಿಟಿಕೆಯಷ್ಟು. ಬೇಡಿಕೆ ಇದ್ದು ಮಾಲು ಇಲ್ಲದ ವಸ್ತುವಿನ ರೇಟು ಎತ್ತ ಹೋಗುತ್ತದೆ ಎಂದು ವ್ಯಾಪಾರಸ್ಥರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಲಬೆರಕೆ ಮಾಲು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನೂ.

ಕಲಬೆರಕೆ ಅಂದರೆ ಇಲ್ಲಿ ಬರೀ ದುಡ್ಡಿನ ಮೋಸವಲ್ಲ. ಆರ್-22ರ ಯಂತ್ರಕ್ಕೆ ಈಗಿನ ಆರ್-32 ಗ್ಯಾಸ್ ತುಂಬಿಸುವಂತಿಲ್ಲ. ಅದರ ಒತ್ತಡ ಒಂದೂವರೆ ಪಾಲಿಗಿಂತಲೂ ಹೆಚ್ಚು, ಹಳೇ ಕೊಳವೆ ಅದನ್ನು ತಾಳುವ ಲೆಕ್ಕದಲ್ಲಿ ಮಾಡಿದ್ದಲ್ಲ. ಮೇಲಾಗಿ ಅದಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣ ಉಂಟು. ಪ್ರೊಪೇನ್ ಜಾತಿಯ ಆರ್-290 ಅಂತೂ ಅಡುಗೆ ಗ್ಯಾಸಿನ ಸೋದರ. ಅದಕ್ಕೆಂದೇ ಮಾಡಿದ ಯಂತ್ರದಲ್ಲಿ ಅದು ಒಳ್ಳೆಯದೇ. ಹಳೇ ಡಬ್ಬಕ್ಕೆ ಕದ್ದು ತುಂಬಿಸಿದರೆ ಬಟ್ಟೆಯಂಗಡಿ ಗೋಡೆಯಲ್ಲಿ ಏನು ಕೂರಿಸಿದಂತಾಯಿತು? ‘ಯಾವುದಾದರೂ ಹಾಕಿ ತಣ್ಣಗೆ ಮಾಡು’ ಎನ್ನುವ ಧಣಿಗಳು ಇದನ್ನು ಒಂದು ಸಲ ಯೋಚಿಸಬೇಕು.

ಇನ್ನು ಬಿಲ್ಲಿನ ಲೆಕ್ಕ. ಇದು ಕಷ್ಟದ ಲೆಕ್ಕವೇನಲ್ಲ, ಗಲ್ಲಾದ ಮೇಲೆ ಕೂತೇ ಮಾಡಬಹುದು. ಒಂದೂವರೆ ಟನ್ನಿನ ಏಸಿ ಎಂದರೆ ತಾಸಿಗೆ ಸುಮಾರು 5.25 ಯೂನಿಟ್ಟಿನಷ್ಟು ಶಾಖವನ್ನು ಹೊರಗೆ ದಾಟಿಸುವ ತಾಕತ್ತು. ಹಳೇ ಯಂತ್ರ ಒಂದು ಯೂನಿಟ್ ಕರೆಂಟು ತಿಂದು ಎರಡೂವರೆ ಯೂನಿಟ್ ಶಾಖ ದಾಟಿಸಿತು ಎಂದಿಟ್ಟುಕೊಳ್ಳಿ; ಪೂರ್ತಿ ಓಡುವಾಗ ತಾಸಿಗೆ 2.1 ಯೂನಿಟ್ ಬೇಕು. ಈಗಿನ ಐದು ನಕ್ಷತ್ರದ ಇನ್ವರ್ಟರ್ ಯಂತ್ರ ವರ್ಷದ ಸರಾಸರಿಯಲ್ಲಿ ಒಂದಕ್ಕೆ ಐದು ದಾಟಿಸುತ್ತದೆ. ಅಂದರೆ ತಾಸಿಗೆ ಸುಮಾರು ಒಂದು ಯೂನಿಟ್ ಉಳಿತಾಯ. ದಿನಕ್ಕೆ ಎಂಟು ತಾಸು, ತಿಂಗಳಿಗೆ 26 ದಿನ: 208 ಯೂನಿಟ್. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೆ 1,650ರ ಹತ್ತಿರ. ನಾಲ್ಕು ಏಸಿ ಇರುವ ಅಂಗಡಿಗೆ ತಿಂಗಳಿಗೆ 6,600. ಒಬ್ಬ ಸೇಲ್ಸ್ ಹುಡುಗನ ಸಂಬಳದ ಒಳ್ಳೆ ಪಾಲು ಗೋಡೆಯ ಡಬ್ಬ ತಿನ್ನುತ್ತಿದೆ.

ಮಳೆಗಾಲದಲ್ಲಿ ಏಸಿ ಅಷ್ಟು ಓಡುವುದಿಲ್ಲ, ಕಂಪ್ರೆಸ್ಸರ್ ಇಡೀ ಹೊತ್ತು ಪೂರ್ತಿ ಎಳೆಯುವುದಿಲ್ಲ, ಆದ್ದರಿಂದ ಕೈಗೆ ಸಿಗುವ ಉಳಿತಾಯ ಈ ಲೆಕ್ಕಕ್ಕಿಂತ ಕಡಿಮೆಯೇ. ಹೊಸ ಯಂತ್ರಕ್ಕೆ ಕೂರಿಸುವ ಖರ್ಚು ಸೇರಿ 45 ಸಾವಿರ ಬಿತ್ತು ಎಂದರೆ ಹಾಕಿದ ದುಡ್ಡು ಹಿಂದೆ ಬರಲು ನಾಲ್ಕೈದು ವರ್ಷ ಹಿಡಿದೀತು. ನಾಲ್ಕೈದು ವರ್ಷದಲ್ಲಿ ಅಸಲು ಬಂದು ಆಮೇಲೆ ಲಾಭ ಕೊಡುವ ವ್ಯಾಪಾರವನ್ನು ಅಡಿಕೆ ತೋಟ ಮಾಡಿದವರ ಊರಿನಲ್ಲಿ ಯಾರೂ ನಿಧಾನ ಎನ್ನಲಾರರು. 2025ರ ಸೆಪ್ಟೆಂಬರಿನಲ್ಲಿ ಏಸಿಯ ಮೇಲಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿದದ್ದೂ ಅಷ್ಟರಮಟ್ಟಿಗೆ ಅನುಕೂಲವೇ.

ಹಾಗಾದರೆ ಯಾಕೆ ಯಾರೂ ಬದಲಾಯಿಸುವುದಿಲ್ಲ?

ಉತ್ತರ ಬಾಡಿಗೆ ಕರಾರು ಪತ್ರದಲ್ಲಿದೆ. ಕಾಂಪ್ಲೆಕ್ಸು ಒಬ್ಬರದು, ಅಂಗಡಿ ಇನ್ನೊಬ್ಬರದು. ಎಷ್ಟೋ ಕಡೆ ಏಸಿ ಹಾಕಿ ಕೊಟ್ಟದ್ದು ಕಟ್ಟಡದ ಯಜಮಾನರು, ಮೆಸ್ಕಾಂ ಬಿಲ್ಲು ಕಟ್ಟುವುದು ಬಾಡಿಗೆಯವರು. ಯಂತ್ರ ಹಳತಾದರೆ ಯಜಮಾನರ ಜೇಬಿಗೆ ಒಂದು ಪೈಸೆ ನಷ್ಟವಿಲ್ಲ, ಅವರೇಕೆ ಬದಲಾಯಿಸಬೇಕು? ಬಾಡಿಗೆಯವರೇ ಬದಲಾಯಿಸೋಣವೆಂದರೆ ಹನ್ನೊಂದು ತಿಂಗಳ ಕರಾರು. ನಾಳೆ ‘ಬಿಡಿ’ ಅಂದರೆ ಗೋಡೆಯಲ್ಲಿ ಕೂರಿಸಿದ್ದು ಯಾರ ಪಾಲಿಗೆ? ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿರುವಾಗ ಮೂರನೆಯವನಾದ ಮೆಕ್ಯಾನಿಕ್ಕಿಗೆ ವರ್ಷ ವರ್ಷ ಸುಗ್ಗಿ. ಅವನನ್ನು ದೂರಿ ಫಲವಿಲ್ಲ. ಕರೆದಲ್ಲಿಗೆ ಬರುತ್ತಾನೆ, ಹೇಳಿದ್ದನ್ನು ಮಾಡುತ್ತಾನೆ.

ದಾರಿ ಇಲ್ಲದಿಲ್ಲ. ಕರಾರು ಹೊಸದು ಮಾಡುವಾಗ ಎರಡು ಸಾಲು ಜಾಸ್ತಿ ಬರೆದರೆ ಸಾಕು. ಯಂತ್ರ ಯಜಮಾನರು ಹಾಕಲಿ, ಬಿಲ್ಲಿನಲ್ಲಿ ಉಳಿದದ್ದರ ಅರ್ಧ ಬಾಡಿಗೆ ಜತೆ ಅವರಿಗೆ ಸೇರಲಿ. ಇಲ್ಲವೇ ಬಾಡಿಗೆಯವರು ಹಾಕಲಿ, ಅಡ್ವಾನ್ಸಿನಲ್ಲಿ ಅದಕ್ಕೆ ವಜಾ ಇರಲಿ, ಬಿಟ್ಟು ಹೋಗುವಾಗ ಬಿಚ್ಚಿಕೊಂಡು ಹೋಗುವ ಹಕ್ಕು ಕಾಗದದ ಮೇಲೆ ಇರಲಿ. ಹಳೇ ಬಿಲ್ಲು, ಹೊಸ ಬಿಲ್ಲು ಎರಡನ್ನೂ ಮೇಜಿನ ಮೇಲಿಟ್ಟು ಮಾತಾಡಿದರೆ ಜಗಳಕ್ಕೆ ಜಾಗ ಕಡಿಮೆ. ಪೇಟೆಯಲ್ಲಿ ಬಾಯಿಮಾತಿನ ನಂಬಿಕೆ ದೊಡ್ಡದೇ. ಆದರೆ ಅಣ್ಣ ತಮ್ಮಂದಿರ ಪಾಲು ಪಟ್ಟಿಯಾದ ಮೇಲೆ ಹಳೇ ಯಜಮಾನರ ಬಾಯಿಮಾತನ್ನು ಹೊಸ ಯಜಮಾನರು ಒಪ್ಪಿಯಾರೇ?

ಮಂಜೂರಾದ ಲೋಡಿನದ್ದೂ ಒಂದು ವಿಷಯ ಉಂಟು. ಮೆಸ್ಕಾಂ ವಾಣಿಜ್ಯ ಬಿಲ್ಲಿನಲ್ಲಿ ಯೂನಿಟ್ಟಿನ ದುಡ್ಡಿನ ಜತೆಗೆ ಕಿಲೋವ್ಯಾಟಿಗೆ ಇಷ್ಟು ಎಂದು ನಿಗದಿತ ಶುಲ್ಕ ಬೇರೆ ಇರುತ್ತದೆ. ಅಂಗಡಿಗೆ ಮೂರು ಕಿಲೋವ್ಯಾಟ್ ಮಂಜೂರಾಗಿ, ಒಳಗೆ ಎರಡು ಏಸಿ, ಒಂದು ಫ್ರಿಜ್ಜು, ನಾಲ್ಕು ಫ್ಯಾನು ಓಡಿದರೆ ವಯರು ಬಿಸಿಯಾಗುವುದು ಆಶ್ಚರ್ಯವಲ್ಲ. ಹಳೇ ಕಟ್ಟಡಗಳಲ್ಲಿ ಇನ್ನೂ ಪಿಂಗಾಣಿ ಫ್ಯೂಜು, ಅದರೊಳಗೆ ‘ಪದೇ ಪದೇ ಹೋಗದ ಹಾಗೆ’ ಎಂದು ದಪ್ಪ ತಂತಿ. ಹೊಸ ಏಸಿ ತಂದು ಅದೇ ವಯರಿಗೆ ಸಿಕ್ಕಿಸುವುದಾದರೆ ಹೊಸತು ತರದಿರುವುದೇ ವಾಸಿ. ಒಂದೊಂದು ಏಸಿಗೂ ಬೇರೆಯೇ ವಯರು, ಬೇರೆ ಎಂ.ಸಿ.ಬಿ., ಸರಿಯಾದ ಅರ್ಥಿಂಗು ಇಷ್ಟು ಬೇಕೇ ಬೇಕು. ಕೊಳವೆಯದ್ದೂ ಅಷ್ಟೆ. ಹಳೇ ಗ್ಯಾಸಿನ ಜತೆ ಇದ್ದ ಎಣ್ಣೆ ಬೇರೆ, ಹೊಸತರ ಎಣ್ಣೆ ಬೇರೆ. ಹಳೇ ತಾಮ್ರದ ಕೊಳವೆಯನ್ನೇ ಉಳಿಸಿಕೊಂಡರೆ ಎರಡೂ ಬೆರೆತು ಕಂಪ್ರೆಸ್ಸರಿಗೆ ಕೇಡು. ಕೊಳವೆಯಲ್ಲಿ ಎರಡು ಸಾವಿರ ಉಳಿಸಲು ಹೋಗಿ ಯಂತ್ರವನ್ನೇ ಕಳಕೊಳ್ಳಬೇಡಿ.

ಆದರೆ ಡಬ್ಬ ಬದಲಾಯಿಸುವ ಮೊದಲು ತಲೆ ಎತ್ತಿ ಮೇಲೆ ನೋಡಬೇಕು.

ಬಂಟ್ವಾಳದ ಹಳೇ ಪೇಟೆಯಲ್ಲಿ ಇನ್ನೂ ಉಳಿದಿರುವ ಹಂಚಿನ ಅಂಗಡಿಗಳಿಗೆ ಮಧ್ಯಾಹ್ನ ಎರಡಕ್ಕೆ ಕಾಲಿಟ್ಟು ನೋಡಿ. ದಪ್ಪ ಗೋಡೆ, ಮೇಲೆ ಅಟ್ಟ, ಅದರ ಮೇಲೆ ಹಂಚು, ಎದುರಿಗೆ ಇಳಿದ ಜಗಲಿಯ ಮಾಡು. ಬಿಸಿಗಾಳಿ ಮೇಲೇರಿ ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದೇ ತೆರೆದದ್ದು, ಈ ಮಣ್ಣಿನ ಹಂಚು ದೇಶವಿದೇಶಕ್ಕೆ ಹೋಯಿತು. ಹಂಚು ಹೋದ ಊರುಗಳಲ್ಲಿ ಅದಕ್ಕೆ ಈಗಲೂ ಮಂಗಳೂರು ಹಂಚು ಎಂದೇ ಹೆಸರು, ಮಂಗಳೂರು ಜಿಲ್ಲೆಯವರಿಗೆ ಮಾತ್ರ ಅದು ಹಳ್ಳಿಮುಕ್ಕರ ಲಕ್ಷಣವಾಯಿತು! ಮೂಡಬಿದ್ರೆಯವರಿಗಂತೂ ಪಾಠ ಮನೆ ಬಾಗಿಲಲ್ಲೇ ಉಂಟು. 1430ರ ಸಾವಿರ ಕಂಬದ ಬಸದಿಯ ಇಳಿಜಾರು ಮಾಡಿನ ಕೆಳಗೆ, ಆ ಕಂಬಗಳ ನಡುವೆ ಏಪ್ರಿಲ್ ತಿಂಗಳಲ್ಲಿ ಹೋಗಿ ಕುಳಿತವರಿಗೆ ಫ್ಯಾನಿನ ನೆನಪು ಬರುವುದಿಲ್ಲ.

ಆಮೇಲೆ ಬಂತು ಆರ್.ಸಿ.ಸಿ. ಬೇಡವೆನ್ನಲಾಗದು. ಪೇಟೆಯಲ್ಲಿ ಸೆಂಟ್ಸಿನ ರೇಟು ಆಕಾಶಕ್ಕೇರಿದ ಮೇಲೆ ಮೂರು ಮಾಳಿಗೆ ಏರಿಸದೆ ವಿಧಿಯಿಲ್ಲ. ಆದರೆ ಐದಿಂಚಿನ ಕಾಂಕ್ರೀಟು ಚಪ್ಪಡಿ ಹಗಲಿಡೀ ಬಿಸಿಲು ಕುಡಿದು ಸಂಜೆ ಅದನ್ನು ಕೆಳಗೆ ಕಾರುತ್ತದೆ. ಮೇಲಿನ ಮಾಳಿಗೆಯ ಅಂಗಡಿಯವರು ರಾತ್ರಿ ಎಂಟಕ್ಕೆ ಬಾಗಿಲು ಹಾಕುವಾಗಲೂ ಸೀಲಿಂಗಿಗೆ ಕೈಯಿಟ್ಟರೆ ಬಿಸಿ. ಆ ಬಿಸಿಯ ಕೆಳಗೆ ಎಷ್ಟು ನಕ್ಷತ್ರದ ಏಸಿ ಇಟ್ಟರೂ ಅದು ಕಾಂಕ್ರೀಟಿನ ಜತೆ ಕುಸ್ತಿ ಆಡುತ್ತಿರುತ್ತದೆ, ಬಿಲ್ಲು ನೀವು ಕಟ್ಟುತ್ತೀರಿ. ಟೆರೇಸಿಗೆ ಸುಣ್ಣವೋ ಬಿಸಿಲು ಹಿಂದೆ ಎಸೆಯುವ ಬಿಳಿ ಬಣ್ಣವೋ ಬಳಿದರೆ ಒಳಗಿನ ಕಾವು ಇಳಿಯುತ್ತದೆ. ಮಳೆ ಸೋರುತ್ತದೆಂದು ಈ ಕಡೆ ಹೆಚ್ಚಿನವರು ಟೆರೇಸಿನ ಮೇಲೆ ಶೀಟು ಹಾಕಿಸಿದ್ದಾರೆ. ಅದು ನೆರಳಿಗೂ ಆಯಿತು. ಆದರೆ ನಾಲ್ಕೂ ಬದಿ ಮುಚ್ಚಿ ಅದನ್ನು ಗೋಡೌನ್ ಮಾಡಿಕೊಂಡರೆ ತಲೆಮೇಲೊಂದು ಒಲೆ ಇಟ್ಟುಕೊಂಡಂತೆ. ಬದಿ ತೆರೆದಿರಲಿ, ಗಾಳಿ ಹಾಯಲಿ.

ಎದುರಿಗೆ ಪೂರ್ತಿ ಗಾಜು ಹಾಕಿಸುವ ಶೋಕಿಯೊಂದು ಈಗ ಎಲ್ಲ ಪೇಟೆಗೂ ಹಬ್ಬಿದೆ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಗೆ ಗಾಜು ಹಾಕಿದವರು ಮಧ್ಯಾಹ್ನ ಮೂರರ ನಂತರ ಅದಕ್ಕೆ ಪರದೆ ಕಟ್ಟಿ ಕೂರುತ್ತಾರೆ. ಶೋಕಿಯೂ ಕಾಣದು, ಬೆಳಕೂ ಬಾರದು.

ಸೈಜಿನ ವಿಷಯದಲ್ಲೂ ಪೇಟೆಯವರು ಎಡವುತ್ತಿದ್ದಾರೆ. ‘ದೊಡ್ಡದೇ ಇರಲಿ, ಬೇಗ ತಂಪಾಗ್ತದೆ’ ಎಂದು ಒಂದೂವರೆ ಸಾಕಾಗುವಲ್ಲಿ ಎರಡು ಟನ್ ತರುತ್ತಾರೆ. ಘಟ್ಟದ ಮೇಲೆ ಇದು ನಡೆದೀತು. ಘಟ್ಟದ ಕೆಳಗಿನ ವೈರಿ ಬಿಸಿಲಿನಷ್ಟೇ ಸೆಕೆ, ಅಂದರೆ ಗಾಳಿಯಲ್ಲಿನ ನೀರು. ಏಸಿ ಸಾಕಷ್ಟು ಹೊತ್ತು ಓಡಿದರೆ ಮಾತ್ರ ಗಾಳಿಯ ಪಸೆ ಹಿಂಡಿ ಹೊರಗೆ ಬಿಡುತ್ತದೆ. ಅಗತ್ಯಕ್ಕಿಂತ ದೊಡ್ಡ ಹಳೇ ಮಾದರಿ ಯಂತ್ರ ಐದು ನಿಮಿಷದಲ್ಲಿ ತಣ್ಣಗೆ ಮಾಡಿ ನಿಂತುಬಿಡುತ್ತದೆ, ಪಸೆ ಹಾಗೇ ಉಳಿಯುತ್ತದೆ. ಒದ್ದೆ ಚಳಿ. ಆಮೇಲೆ ಮಳೆಗಾಲದಲ್ಲಿ ಸೀರೆ ಮಡಿಕೆಗೆ, ಚಪ್ಪಲಿ ಪೆಟ್ಟಿಗೆಗೆ, ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿದಾಗ ಮಳೆಯನ್ನು ಬೈಯುತ್ತಾರೆ. ವೇಗ ಏರಿಳಿಸಿಕೊಂಡು ಸದಾ ಮೆಲ್ಲಗೆ ಓಡುವ ಇನ್ವರ್ಟರ್ ಯಂತ್ರಕ್ಕೆ ಈ ಊರಿನಲ್ಲಿ ಮಾರ್ಕು ಹೆಚ್ಚು ಸಿಗುವುದು ಇದೇ ಕಾರಣಕ್ಕೆ.

ಇನ್ವರ್ಟರಿಗೂ ದೋಷ ಉಂಟು, ಮಾರುವವರು ಹೇಳುವುದಿಲ್ಲ. ಅದರ ಜೀವ ಒಂದು ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ. ಬೆಳ್ತಂಗಡಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಆಟ ಗೊತ್ತಿದ್ದದ್ದೇ. ಒಂದು ಸಿಡಿಲಿಗೆ ಬೋರ್ಡು ಹಾರಿಹೋದರೆ ಎರಡು ವರ್ಷದ ಉಳಿತಾಯ ಅದರ ಜತೆ ಹೋದಂತೆ. ಹಲ್ಲಿ, ಇರುವೆಗಳಿಗೂ ಆ ಬೆಚ್ಚಗಿನ ಪೆಟ್ಟಿಗೆ ಪ್ರಿಯವಾದ ಬಿಡಾರ. ಆದ್ದರಿಂದ ಬೋರ್ಡಿಗೆ ಎಷ್ಟು ವರ್ಷ ಗ್ಯಾರಂಟಿ, ರಿಪೇರಿಗೆ ಜನ ಮಂಗಳೂರಿನಿಂದ ಬರಬೇಕೋ ಊರಲ್ಲೇ ಇದ್ದಾರೋ ಎಂದು ಕೇಳಿಯೇ ದುಡ್ಡು ಎಣಿಸಬೇಕು. ನಕ್ಷತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಲೇಬಲಿನ ಮೇಲೆ ವರ್ಷ ಬರೆದಿರುತ್ತದೆ. ಮಾಪನವನ್ನು ಸರಕಾರದವರು ಆಗಾಗ ಬಿಗಿ ಮಾಡುತ್ತಾರೆ, 2022ರಲ್ಲೂ ಮಾಡಿದ್ದಾರೆ. ಹಳೇ ಸ್ಟಾಕಿನ ಐದು ನಕ್ಷತ್ರ ಹೊಸ ಲೆಕ್ಕದಲ್ಲಿ ನಾಲ್ಕೋ ಮೂರೋ ಆಗಿರಬಹುದು.

ಬೆಂಗಳೂರು ಹೈದರಾಬಾದಿನ ಭಾರೀ ಕಂಪೆನಿಗಳ ಮಾತು ಬೇರೆ. ಮುಡಿಪಿನಲ್ಲೂ ಕ್ಯಾಂಪಸ್ ಇರುವ ಇನ್ಫೋಸಿಸ್ಸಿನವರು 2011ರಲ್ಲಿ ಹೈದರಾಬಾದಿನ ಒಂದು ಕಟ್ಟಡವನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾಮೂಲಿ ಏಸಿ, ಇನ್ನೊಂದು ಪಾಲಿಗೆ ಕಾಂಕ್ರೀಟಿನೊಳಗೇ ತಣ್ಣೀರಿನ ಕೊಳವೆ ಹಾಯಿಸಿ ಅಳೆದು ನೋಡಿದರು. ತಣ್ಣೀರಿನ ಪಾಲಿಗೆ ಮೂರನೇ ಒಂದರಷ್ಟು ಕರೆಂಟು ಕಡಿಮೆ ಹಿಡಿಯಿತು. ಕರಾವಳಿಯ ಪಸೆಗಾಳಿಯಲ್ಲಿ ಜಾಗ್ರತೆ ತಪ್ಪಿ ಹಾಗೆ ಮಾಡಿದರೆ ಸೀಲಿಂಗಿನಿಂದ ಹನಿ ಬಿದ್ದು ಬಟ್ಟೆಯಂಗಡಿಯಲ್ಲೂ ಕೊಡೆ ಹಿಡಿಯಬೇಕಾದೀತು. ಅದನ್ನು ಇಲ್ಲಿ ನಕಲು ಮಾಡಬೇಕಾಗಿಲ್ಲ. ಅವರು ಮೊದಲು ಅಳೆದು ಆಮೇಲೆ ಹಣ ಹಾಕಿದ್ದನ್ನು ನಕಲು ಮಾಡಬಹುದು. ಅಂಗಡಿಯ ಏಸಿಗೊಂದು ಸಣ್ಣ ಮೀಟರು ಕೂರಿಸಿ ಒಂದು ತಿಂಗಳು ನೋಡಲು ಎಂಜಿನಿಯರು ಬೇಡ.

ಹಳೇ ಯಂತ್ರ ಬಿಚ್ಚುವ ದಿನ ನಡೆಯುವುದನ್ನೂ ಹೇಳಬೇಕು. ಹುಡುಗ ಬರುತ್ತಾನೆ, ಕತ್ತರಿ ಹಾಕಿ ಕೊಳವೆ ತುಂಡು ಮಾಡುತ್ತಾನೆ, ಸುಂಯ್ ಎಂದು ಗ್ಯಾಸ್ ಗಾಳಿಗೆ ಹೋಗುತ್ತದೆ. ತಾಮ್ರ ಗುಜರಿಗೆ. ಒಂದು ಕಿಲೋ ಆರ್-22 ಗಾಳಿಗೆ ಬಿಟ್ಟರೆ ಭೂಮಿಯ ಕಾವಿಗೆ ಅದು 1,810 ಕಿಲೋ ಇಂಗಾಲದ ಹೊಗೆಗೆ ಸಮ. 780 ಲೀಟರ್ ಪೆಟ್ರೋಲ್ ಸುಟ್ಟ ಹಾಗೆ. ಬೈಕಿನಲ್ಲಿ ಬಂಟ್ವಾಳದಿಂದ ಮೂಡಬಿದ್ರೆಗೆ ಎಷ್ಟು ಸಲ ಹೋಗಿ ಬರಬಹುದೋ ಬೈಕಿನವರೇ ಲೆಕ್ಕ ಹಾಕಲಿ. ಗ್ಯಾಸನ್ನು ಖಾಲಿ ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಉಂಟು, ‘ರಿಕವರಿ ಮಾಡುತ್ತೀಯಾ?’ ಎಂದು ಕೇಳಿದರೆ ಗೊತ್ತಿದ್ದವನು ಹೌದು ಎನ್ನುತ್ತಾನೆ. 2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಕ್ಕೆ ಏಸಿಯೂ ಸೇರಿದೆ. ಗುಜರಿಯವನಿಗೆ ಎಸೆದು ಕೈತೊಳೆದುಕೊಳ್ಳುವ ಬದಲು ಹೊಸತು ಮಾರುವವರಿಗೇ ಹಳತನ್ನು ಕೊಟ್ಟು ರಶೀದಿ ಪಡೆಯಬಹುದು.

ಇಷ್ಟು ಹೊತ್ತು ಅಂಗಡಿ ಒಳಗಿನವರ ಮಾತಾಯಿತು. ಹೊರಗೆ ಬಸ್ಸಿಗೆ ಕಾಯುವವರೂ ಮನುಷ್ಯರೇ. ಒಳಗೆ ತಂಪು ಮಾಡುವ ಯಂತ್ರ ಆ ಶಾಖವನ್ನೆಲ್ಲ ಎಸೆಯುವುದು ಹೊರಗೆ. ಕಾಂಪ್ಲೆಕ್ಸಿನ ಎದುರು ಆಳೆತ್ತರಕ್ಕೆ ನೇತುಹಾಕಿದ ಡಬ್ಬದಿಂದ ಬಿಸಿಗಾಳಿ ನೇರ ಮುಖಕ್ಕೆ. ಸಂಜೆ ಐದೂವರೆಯ ಬಸ್ಸಿಗೆ ನಿಂತ ಶಾಲೆಯ ಮಕ್ಕಳು, ಬೀಡಿ ಕಟ್ಟು ಒಪ್ಪಿಸಿ ಮನೆಗೆ ಹೊರಟ ಹೆಂಗಸರು ಆ ಗಾಳಿ ಕುಡಿಯಬೇಕು, ತಲೆಮೇಲೆ ತೊಟತೊಟ ಹನಿಯುವ ನೀರನ್ನೂ ಸಹಿಸಬೇಕು. ಹಳೇ ಯಂತ್ರವಾದರೆ ತಾನು ತಿಂದ ಕರೆಂಟಿನ ಬಿಸಿಯನ್ನೂ ಸೇರಿಸಿ ಕಾರುತ್ತದೆ, ಆದ್ದರಿಂದ ಹೊರಗಿನವರಿಗೆ ಇನ್ನೂ ಜಾಸ್ತಿ. ಬಂಟ್ವಾಳ, ಮೂಡಬಿದ್ರೆ ಪುರಸಭೆಗಳೂ ಬೆಳ್ತಂಗಡಿ ಪಟ್ಟಣ ಪಂಚಾಯತಿಯೂ ವರ್ಷ ವರ್ಷ ಅಂಗಡಿ ಲೈಸೆನ್ಸು ನವೀಕರಿಸುವಾಗ ಬೋರ್ಡಿನ ಅಳತೆ, ಕಸದ ಶುಲ್ಕ ಎಲ್ಲ ಕೇಳುತ್ತವಲ್ಲ. ಹೊರಗಿನ ಡಬ್ಬ ತಲೆಗಿಂತ ಮೇಲಿದೆಯೇ, ಹನಿ ನೀರಿಗೆ ಪೈಪು ಇದೆಯೇ ಎಂದು ಒಂದು ಮಾತು ಕೇಳಿದರೆ ಗಂಟೇನು ಹೋಗುತ್ತದೆ? ಪೈಪಿಗೆ ನೂರಿನ್ನೂರು ರೂಪಾಯಿ. ಆ ನೀರನ್ನು ಬಕೆಟಿನಲ್ಲಿ ಹಿಡಿದರೆ ನೆಲ ಒರಸಲಿಕ್ಕಾದರೂ ಆದೀತು.

ಡಬ್ಬವನ್ನು ಹಿಂಬದಿಗೆ ಸಾಗಿಸುವವರು ನೆರೆಯ ನೆನಪೂ ಇಟ್ಟುಕೊಳ್ಳಲಿ. 1923, 1974ರ ನೇತ್ರಾವತಿಯನ್ನು ಕಂಡ ಪೇಟೆ ಬಂಟ್ವಾಳ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ನದಿಗಳೂ ಒಂದೇ ದಿನದಲ್ಲಿ ಎಲ್ಲೆ ಮೀರಿದ್ದವು. ಹೊಳೆಯ ಬದಿಯ ಕಟ್ಟಡದಲ್ಲಿ ನೆಲಕ್ಕೆ ಕೂರಿಸಿದ ಯಂತ್ರಕ್ಕೆ ವಿಮೆ ಇಲ್ಲದಿದ್ದರೆ ಕೇಳುವವರಿಲ್ಲ.

ಬದಲಾಯಿಸುವುದೇ ಆದರೆ ಬೇಸಿಗೆಗೆ ಕಾಯಬಾರದು. ಏಪ್ರಿಲಿನಲ್ಲಿ ಚೌಕಾಶಿಗೆ ಅವಕಾಶವಿಲ್ಲ, ಕೂರಿಸುವವನು ಮುಂದಿನ ಮನೆಗೆ ಓಡುವ ಅವಸರದಲ್ಲಿ ಕೊಳವೆಯ ಗಾಳಿ ಪೂರ್ತಿ ತೆಗೆಯದೆ ಗ್ಯಾಸ್ ಬಿಟ್ಟು ಹೋಗುತ್ತಾನೆ, ಮುಂದಿನ ವರ್ಷದ ತೊಂದರೆ ಅಂದೇ ಶುರು. ಆಟಿ ತಿಂಗಳಲ್ಲಿ ವ್ಯಾಪಾರವೂ ಮಂದ, ಮೆಕ್ಯಾನಿಕ್ಕಿಗೂ ಬಿಡುವು, ಮಾರುವವರೂ ರೇಟು ಇಳಿಸುತ್ತಾರೆ. ಆಟಿಯಲ್ಲಿ ಹೊಸತು ತರಬಾರದು ಎನ್ನುವವರು ಇದ್ದಾರೆ. ಅಂಥವರು ಆಟಿಯಲ್ಲಿ ರೇಟು ಮಾತಾಡಿ ಅಡ್ವಾನ್ಸು ಕೊಟ್ಟು, ಸೋಣ ಸಂಕ್ರಮಣ ಕಳೆದ ಮೇಲೆ ಕೂರಿಸಲಿ.